ಎಣ್ಣೆ ಕಡಿಮೆ, ನೀರು ಬೇರೆ: ಉಡುಪಿಯಿಂದ ಪುಣೆಗೆ ನಾನು ಕಟ್ಟುವ ಬುತ್ತಿ

ಉಡುಪಿಯಿಂದ ಪುಣೆಗೆ ಕಾರಿನಲ್ಲಿ ಸುಮಾರು 700 ಕಿಲೋಮೀಟರ್. ಬೆಳಗ್ಗೆ ಐದಕ್ಕೆ ಹೊರಟರೂ ಮುಟ್ಟುವಾಗ ರಾತ್ರಿ ಎಂಟು. ಮಗಳು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಈ ದಾರಿ ನಮಗೆ ರೂಢಿಯಾಗಿದೆ. ಗಾಡಿ ಓಡಿಸುವುದು ನಮ್ಮ ಯಜಮಾನರು, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಅತ್ತೆ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ದಿನವಿಡೀ ಕೂತಲ್ಲೇ ಕೂತಿರುವ ಮೈಗೆ ಮನೆಯಲ್ಲಿ ಓಡಾಡುವಾಗಿನಷ್ಟು ಊಟ ಬೇಡ. ಆದರೂ ದಾರಿಯಲ್ಲೇ ಎಲ್ಲರೂ ಜಾಸ್ತಿ ತಿನ್ನುವುದು, ಅದೂ ಕರಿದದ್ದನ್ನು.

ಹಿಂದಿನವರು ದಾರಿಗೆ ಪೂರಿ, ಚಕ್ಕುಲಿ, ಕೋಡುಬಳೆ ಕಟ್ಟಿಕೊಡುತ್ತಿದ್ದದ್ದು ಸುಮ್ನೆ ಅಲ್ಲ. ಎಣ್ಣೆಯಲ್ಲಿ ಕರಿದರೆ ಹಿಟ್ಟಿನಲ್ಲಿರುವ ನೀರು ಹೋಗುತ್ತದೆ. ನೀರಿಲ್ಲದ ತಿಂಡಿ ಬೇಗ ಹಳಸುವುದಿಲ್ಲ. ಆದರೆ ನೀರು ಹೋದ ಜಾಗದಲ್ಲಿ ಎಣ್ಣೆ ಬಂದು ಕೂರುತ್ತದೆ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟದಲ್ಲೋ ಪ್ರೊಟೀನಿನಲ್ಲೋ 4. ದೊಡ್ಡ ಚಮಚದಲ್ಲಿ ಒಂದು ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ ಆಯಿತು. ಈಗ ಕ್ಯಾಲೊರಿ ಕಡಿಮೆ ಇರುವ ತಿನಿಸುಗಳನ್ನು ನೋಡಿ: ಮುಳ್ಳುಸೌತೆ, ಹಣ್ಣು, ಮೊಳಕೆಕಾಳು, ಮೊಸರು, ಹಬೆಯಲ್ಲಿ ಬೆಂದದ್ದು. ಎಲ್ಲದರಲ್ಲೂ ನೀರೇ ಜಾಸ್ತಿ. ನಮ್ಮ ಕರಾವಳಿಯ ಸೆಖೆಗೆ ಮೊದಲು ಹಾಳಾಗುವುದೂ ಅವೇ. ಹಾಗಾಗಿ ಹಗುರವಾದ ಬುತ್ತಿ ಕಟ್ಟುವಾಗ ನಾನು ಕ್ಯಾಲೊರಿ ಲೆಕ್ಕ ಮಾಡುವುದಕ್ಕಿಂತ ಜಾಸ್ತಿ ನೀರಿನ ಬಗ್ಗೆ ಯೋಚನೆ ಮಾಡುತ್ತೇನೆ. ಯಾವುದರಲ್ಲಿ ನೀರು ಇರಲಿ, ಯಾವುದರಲ್ಲಿ ಬೇಡ, ಯಾವುದಕ್ಕೆ ತಿನ್ನುವ ಹೊತ್ತಿಗೆ ಸೇರಿಸಲಿ ಎಂದು.

ಬೆಳಗ್ಗಿನ ತಿಂಡಿಗೆ ಮೂಡೆ, ಅಂದರೆ ಎಲೆಯ ಕೊಳವೆಗೆ ಇಡ್ಲಿಯಂಥ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದ ಕಡುಬು. ಇದನ್ನು ಕಲಿಸಿದ್ದು ಅತ್ತೆ. ಕೇದಗೆ ಜಾತಿಯ ಮುಂಡೇವಿನ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಕೊಳವೆಯ ಹಾಗೆ ಸುತ್ತಿ ಕಡ್ಡಿ ಚುಚ್ಚುವುದರಲ್ಲಿ ಅವರ ಕೈ ಈಗಲೂ ನನಗಿಂತ ಚುರುಕು. ಅಷ್ಟಮಿ, ಚೌತಿಯ ಹೊತ್ತಿನಲ್ಲಾದರೆ ಸುತ್ತಿಟ್ಟದ್ದೇ ಪೇಟೆಯಲ್ಲಿ ಸಿಗುತ್ತದೆ. ಎಲೆ ಸಿಗದಿದ್ದರೆ ಹಲಸಿನ ಎಲೆಯಲ್ಲಿ ಕೊಟ್ಟೆ ಕಡುಬು ಮಾಡುತ್ತೇನೆ. ಒಂದು ಲೋಟ ಉದ್ದಿನಬೇಳೆಗೆ ಎರಡು ಲೋಟ ಅಕ್ಕಿ ತರಿ, ಸಂಜೆ ರುಬ್ಬಿಟ್ಟರೆ ಬೆಳಗಿನ ಜಾವಕ್ಕೆ ಹುಳಿ ಬಂದಿರುತ್ತದೆ. ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಬೇಕು. ಎಣ್ಣೆ ಒಂದು ಹನಿಯೂ ಇಲ್ಲ.

ದಾರಿಗೆ ಇಡ್ಲಿಗಿಂತ ಮೂಡೆಯೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಇಡ್ಲಿಯನ್ನು ತಟ್ಟೆಯಿಂದ ಎಬ್ಬಿಸಿ ಡಬ್ಬಕ್ಕೆ ಹಾಕುವಷ್ಟರಲ್ಲಿ ಚಮಚ, ಕೈ, ಡಬ್ಬ ಎಲ್ಲ ತಾಗುತ್ತದೆ. ಮೇಲ್ಭಾಗ ಒಣಗಿ, ತಳಭಾಗ ಬೆವರಿ ಅಂಟುತ್ತದೆ. ಮೂಡೆ ಹಾಗಲ್ಲ. ಬೆಂದದ್ದು ಎಲೆಯೊಳಗೆ, ಹೊರಟದ್ದು ಎಲೆಯೊಳಗೆ. ತಿನ್ನುವವರು ಕಡ್ಡಿ ಕಿತ್ತು ಬಿಡಿಸುವವರೆಗೆ ಯಾರ ಕೈಯೂ ತಾಗುವುದಿಲ್ಲ. ಸುರುಳಿ ಬಿಚ್ಚುತ್ತಾ ಹೋದ ಹಾಗೆ ಮೈಮೇಲೆ ಎಲೆಯ ಗೆರೆ ಓರೆಯಾಗಿ ಮೂಡಿರುವುದು ಕಾಣುತ್ತದೆ. ಆ ಪರಿಮಳಕ್ಕೆ ಕಾರಿನ ಒಳಗಿನ ಪೆಟ್ರೋಲ್ ವಾಸನೆಯೂ ಮರೆತುಹೋಗುತ್ತದೆ. ಒಂದು ಮೂಡೆ ಎಂದರೆ ಹೆಚ್ಚುಕಡಿಮೆ ಎರಡು ಮೂರು ಇಡ್ಲಿಗೆ ಸಮ. ಹಾಗಾಗಿ ಒಬ್ಬರಿಗೆ ಒಂದು ಸಾಕು, ಹಸಿವಿದ್ದರೆ ಇನ್ನರ್ಧ.

ಒಲೆಯಿಂದ ಇಳಿಸಿದ್ದನ್ನು ಹಾಗೆಯೇ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಬಾರದು. ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ಬುಟ್ಟಿಯಲ್ಲಿ ಬಾಡಿಸಿದ ಬಾಳೆಲೆ ಹಾಸಿ, ಮೂಡೆ ಜೋಡಿಸಿ, ಹತ್ತಿಯ ಬಟ್ಟೆ ಹೊದೆಸಿದರೆ ಹಬೆ ಮೆಲ್ಲ ಹೋಗುತ್ತದೆ, ಬಿಸಿಯೂ ಉಳಿಯುತ್ತದೆ.

ಜೊತೆಗೆ ಹಸಿ ತೆಂಗಿನಕಾಯಿ ಚಟ್ನಿ ಒಯ್ಯುವುದಿಲ್ಲ. ಅದು ಬೇಗ ಹುಳಿಯುತ್ತದೆ, ಕಾಯಿಯ ಕ್ಯಾಲೊರಿಯೂ ಕಡಿಮೆ ಏನಲ್ಲ. ಬದಲಿಗೆ ಹುರುಳಿ ಚಟ್ನಿ ಪುಡಿ. ಹುರುಳಿಯನ್ನು ಸಣ್ಣ ಉರಿಯಲ್ಲಿ ಪರಿಮಳ ಬರುವವರೆಗೆ ಹುರಿದು, ಒಣಮೆಣಸು, ಸ್ವಲ್ಪ ಹುಣಸೆ, ಉಪ್ಪು ಸೇರಿಸಿ ಪುಡಿ ಮಾಡಿದರಾಯಿತು. ತಿನ್ನುವಾಗ ಒಂದು ಚಮಚ ಪುಡಿಗೆ ಎರಡು ಚಮಚ ಮೊಸರು ಕಲಸಿಕೊಳ್ಳುತ್ತೇವೆ.

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟುವುದರೊಳಗೆ ತಿಂಡಿ ಮುಗಿಸುವುದು ನಮ್ಮ ಕ್ರಮ. ಅಷ್ಟರೊಳಗೆ ತಿಂದರೆ ಅಂಕೋಲಾ ದಾಟಿ ಅರಬೈಲು ಘಾಟಿ ಹತ್ತುವ ಮೊದಲು ಹೊಟ್ಟೆ ಹಗುರವಾಗಿರುತ್ತದೆ. ಆ ತಿರುವುಗಳಲ್ಲಿ ಎಣ್ಣೆ ತಿಂಡಿ ತಿಂದ ಹೊಟ್ಟೆ ತೊಳಸದೆ ಇರುತ್ತದಾ? ಘಾಟಿಗೆಂದೇ ಒಂದು ಬಾಟಲಿ ಪುನರ್ಪುಳಿ (ಕೋಕಂ) ನೀರು ಇಟ್ಟಿರುತ್ತೇನೆ. ಅಂಗಡಿಯ ಸಿರಪ್ ಅಲ್ಲ, ಅದರಲ್ಲಿ ಸಕ್ಕರೆಯೇ ಜಾಸ್ತಿ. ಒಣಸಿಪ್ಪೆ ನೆನೆಸಿ ಹಿಂಡಿದ ನೀರಿಗೆ ಉಪ್ಪು, ಜೀರಿಗೆ ಪುಡಿ, ಅಷ್ಟೆ. ಗುಟುಕು ಗುಟುಕಾಗಿ ಕುಡಿದರೆ ಅತ್ತೆಗೆ ವಾಕರಿಕೆ ಬರುವುದಿಲ್ಲ.

ಮಧ್ಯಾಹ್ನದ ಊಟಕ್ಕೆ ತಣ್ಣನೆಯ ಪೆಟ್ಟಿಗೆ ಬೇಕೇ ಬೇಕು. ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು, ಸೆಖೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಇನ್ನೂ ಬಿಸಿ. ಮೀನಿಗೆ ಬಳಸುವಂಥ ಥರ್ಮಾಕೋಲ್ ಪೆಟ್ಟಿಗೆ ಇದೆಯಲ್ವಾ, ಅದರ ಹೊಸದೊಂದನ್ನು ಇದಕ್ಕೆಂದೇ ಇಟ್ಟಿದ್ದೇನೆ. ಹಿಂದಿನ ರಾತ್ರಿ ಎರಡು ನೀರಿನ ಬಾಟಲಿ ಫ್ರೀಜರಿಗೆ. ಕುತ್ತಿಗೆವರೆಗೆ ತುಂಬಿಸಬೇಡಿ, ಮಂಜುಗಟ್ಟುವಾಗ ನೀರು ಹಿಗ್ಗುತ್ತದೆ, ಬಾಟಲಿ ಒಡೆಯುತ್ತದೆ. ಆ ಬಾಟಲಿಗಳ ನಡುವೆ ಮೊಸರಿನ ಡಬ್ಬ, ಬೇಯಿಸಿದ ಮೊಟ್ಟೆ, ಮೊಳಕೆ ಹೆಸರು. ಮಂಜು ಕರಗಿದ ಹಾಗೆ ಸಂಜೆ ಕುಡಿಯಲು ತಂಪು ನೀರೂ ಆಯಿತು.

ಮೊಳಕೆಕಾಳನ್ನು ಹಸಿಯಾಗಿ ಒಯ್ಯಬೇಡಿ. ಮೊಳಕೆ ಬರುವ ಬೆಚ್ಚಗಿನ ಒದ್ದೆಯಲ್ಲೇ ರೋಗಾಣುಗಳೂ ಬೆಳೆಯುತ್ತವೆ. ಚೆನ್ನಾಗಿ ಹಬೆಯಲ್ಲಿ ಬೇಯಿಸಿ, ಹರಡಿ ಆರಿಸಿ, ಫ್ರಿಜ್ಜಿನಲ್ಲಿ ಪೂರ್ತಿ ತಣಿದ ಮೇಲೆ ಪೆಟ್ಟಿಗೆಗೆ. ಉಪ್ಪು, ಲಿಂಬೆ, ಈರುಳ್ಳಿ ಯಾವುದನ್ನೂ ಮನೆಯಲ್ಲಿ ಸೇರಿಸುವುದಿಲ್ಲ. ಉಪ್ಪು ತಾಗಿದ ತರಕಾರಿ ನೀರು ಬಿಡುತ್ತದೆ, ಎರಡು ಗಂಟೆಯಲ್ಲಿ ಡಬ್ಬದ ತುಂಬ ರಸ. ಮುಳ್ಳುಸೌತೆ, ಲಿಂಬೆ, ಈರುಳ್ಳಿ ಎಲ್ಲ ಇಡಿಯಾಗಿಯೇ ಬರುತ್ತವೆ, ಜೊತೆಗೆ ಒಂದು ಚಾಕು, ಒಂದು ಸಣ್ಣ ಹಲಗೆ. ಹಣ್ಣಿನಲ್ಲಿ ಪೇರಳೆ, ಕಿತ್ತಳೆ. ಬಾಳೆಹಣ್ಣು ಸೆಖೆಗೆ ಕಪ್ಪಾಗುವುದರಿಂದ ಬೆಳಗ್ಗೆಯೇ ಮುಗಿಸಬೇಕು.

ಇದಕ್ಕೆ ಜೋಡಿ ಖಡಕ್ ಜೋಳದ ರೊಟ್ಟಿ. ಹುಬ್ಬಳ್ಳಿ ಕಡೆಯವರಿಗೆ ಇದು ನಿತ್ಯದ ಊಟ. ನಾವು ಈ ದಾರಿಯಲ್ಲಿ ಹೋಗಿ ಬರುವಾಗಲೇ ಇದರ ರುಚಿ ಕಂಡದ್ದು. ಎಣ್ಣೆ ಇಲ್ಲ, ನೀರಿನ ಪಸೆಯೂ ಇಲ್ಲ. ಒಣ ಡಬ್ಬದಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ಕರಿಯದೆಯೇ ಬಾಳುವ ತಿನಿಸು ಬೇಕು ಎಂದು ಹುಡುಕುತ್ತಿದ್ದ ನನಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಕಿತ್ತೂರಿನ ಆಸುಪಾಸಿನಲ್ಲಿ ನೆರಳು ನೋಡಿ ಗಾಡಿ ನಿಲ್ಲಿಸುತ್ತೇವೆ. ನಾನು ಸೌತೆ ಹೆಚ್ಚಿ, ಹೆಸರುಕಾಳಿಗೆ ಈರುಳ್ಳಿ, ಲಿಂಬೆ, ಉಪ್ಪು ಬೆರೆಸುವಷ್ಟರಲ್ಲಿ ಯಜಮಾನರು ರೊಟ್ಟಿ ಮುರಿದು ತಟ್ಟೆಗೆ ಹಾಕಿರುತ್ತಾರೆ. ಅತ್ತೆಗೆ ಹಲ್ಲಿಗೆ ಗಟ್ಟಿಯಾಗುತ್ತದೆ, ಅವರ ಪಾಲನ್ನು ಮೊಸರಿನಲ್ಲಿ ನೆನೆಸಿಡಬೇಕು. "ನಂಗೆ ಇನ್ನೊಂದು ತುಂಡು ಹಾಕು, ಕಾಳು ಸಾಕು" ಎನ್ನುತ್ತಾರೆ. ಇಂಥ ಊಟ ಮಾಡಿ ಸ್ಟೇರಿಂಗ್ ಹಿಡಿದರೆ ಯಜಮಾನರಿಗೆ ತೂಕಡಿಕೆ ಬರುವುದಿಲ್ಲ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದು.

ಅತ್ತೆಯ ಸಲುವಾಗಿ ಒಂದು ಮಾತು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಕ್ಯಾಲೊರಿ ಉಳಿಸಲು ಹೋಗಿ ಊಟದ ಹೊತ್ತು ತಪ್ಪಿಸಬಾರದು. ಸಕ್ಕರೆ ಒಮ್ಮೆಲೇ ಇಳಿದರೆ ಅಪಾಯ. ಅವರ ಕೈಚೀಲದಲ್ಲಿ ಗ್ಲುಕೋಸ್ ಪುಡಿ ಯಾವಾಗಲೂ ಇರುತ್ತದೆ.

ಇನ್ನು ನಡುನಡುವೆ ಬಾಯಾಡಿಸುವುದು. ಓಡುವ ಕಾರಿನಲ್ಲಿ ನಮ್ಮಲ್ಲಿ ತಿನ್ನುವ ಕ್ರಮ ಇಲ್ಲ, ನಿಲ್ಲಿಸಿದಾಗ ಮಾತ್ರ. ನೆಲಗಡಲೆ ಒಳ್ಳೆಯದೇ, ಆದರೆ 30 ಗ್ರಾಂ, ಅಂದರೆ ಒಂದು ಹಿಡಿಗೇ ಸುಮಾರು 170 ಕ್ಯಾಲೊರಿ. ಪ್ಯಾಕೆಟ್ ತೊಡೆಯ ಮೇಲಿದ್ದರೆ ಖಾಲಿಯಾದದ್ದೇ ತಿಳಿಯುವುದಿಲ್ಲ. ಅದಕ್ಕೆ ಕಾಗದದಲ್ಲಿ ಹಿಡಿ ಹಿಡಿಯಾಗಿ ಪೊಟ್ಟಣ ಕಟ್ಟಿಡುತ್ತೇನೆ.

ಹೆಂಗಸರು ದಾರಿಯಲ್ಲಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ಶೌಚಾಲಯ ಎಲ್ಲಿ ಸಿಗುತ್ತದೋ ಎನ್ನುವ ಭಯ. ಇದು ನನಗೆ ತುಂಬ ಬೇಸರದ ವಿಷಯ. ತಲೆನೋವು, ಮಲಬದ್ಧತೆ, ಉರಿಮೂತ್ರ ಎಲ್ಲ ಅದರಿಂದಲೇ ಶುರು. ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯ ಇರುತ್ತದೆ, ನಾಚಿಕೆ ಬಿಟ್ಟು ಕೇಳಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಎಂದು ಗಾಡಿ ಓಡಿಸುವವರಿಗೆ ಹೊರಡುವಾಗಲೇ ಹೇಳಿಬಿಡಿ.

ಕೊಲ್ಹಾಪುರ ದಾಟಿದ ಮೇಲೆ ಸಂಜೆಗೆ ನಮ್ಮ ಊರಿನ ಚರುಮುರಿ. ಒಂದು ಕಪ್ ಮಂಡಕ್ಕಿ ಸುಮಾರು 15 ಗ್ರಾಂ, 60 ಕ್ಯಾಲೊರಿ ಒಳಗೆ. ನಮ್ಮಲ್ಲಿ ಮಳೆಗಾಲದಲ್ಲಿ ಮಂಡಕ್ಕಿ ಮೆತ್ತಗಾಗುತ್ತದೆ. ಹೊರಡುವ ಮುಂಚೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಆರಿದ ಮೇಲೆ ಬಿಗಿ ಡಬ್ಬಕ್ಕೆ ಹಾಕಬೇಕು. ಕ್ಯಾರೆಟ್ ಅಲ್ಲಿಯೇ ತುರಿದು, ಈರುಳ್ಳಿ, ಟೊಮೆಟೊ ಹೆಚ್ಚಿ, ಮೆಣಸಿನ ಪುಡಿ, ಲಿಂಬೆ, ಮೂವರಿಗೂ ಸೇರಿ ಒಂದು ಸಣ್ಣ ಚಮಚ ತೆಂಗಿನೆಣ್ಣೆ. ಅಷ್ಟು ಎಣ್ಣೆ ಬೇಕು, ಅದಿಲ್ಲದೆ ಚರುಮುರಿ ಆಗುವುದಿಲ್ಲ. ಕಲಸಿದ ಕೂಡಲೇ ತಿನ್ನಬೇಕು.

ಪುಣೆಯಿಂದ ವಾಪಸ್ ಬರುವಾಗ ಮೂಡೆ ಇರುವುದಿಲ್ಲ. ಮಗಳ ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆಯೂ ಇಲ್ಲ. ಅಲ್ಲಿ ಮಡಿಕೆಕಾಳಿನ ಮೊಳಕೆ ಸುಲಭವಾಗಿ ಸಿಗುತ್ತದೆ, ಅದನ್ನೇ ಬೇಯಿಸಿ ಪೆಟ್ಟಿಗೆಗೆ ಹಾಕುತ್ತೇನೆ. ಬೆಳಗ್ಗೆಗೆ ಉಳಿದ ರೊಟ್ಟಿ, ಹುರುಳಿ ಪುಡಿ, ಮೊಸರು. ಹುಬ್ಬಳ್ಳಿಯಲ್ಲಿ ಮುಂದಿನ ಸಲಕ್ಕೆ ಎರಡು ಕಟ್ಟು ರೊಟ್ಟಿ ತೆಗೆದುಕೊಂಡೇ ಘಾಟಿ ಇಳಿಯುವುದು.