ಸರ್ಜರಿ, ಮೆಡಿಸಿನ್ ಎರಡನ್ನೂ ಒಂದೇ ಹಾಳೆಯಲ್ಲಿ ಓದಿದ್ದು

ದಂತವೈದ್ಯಕೀಯ ಓದಿನಲ್ಲಿ ಹಲ್ಲು ಕೀಳುವಂಥ ಓರಲ್ ಸರ್ಜರಿಗೆ ಒಂದು ಪುಸ್ತಕ, ಬಾಯಿಯ ಕಾಯಿಲೆಗಳ ಓರಲ್ ಮೆಡಿಸಿನ್‌ಗೆ ಇನ್ನೊಂದು. ಆದರೆ ರೋಗಿ ಅಧ್ಯಾಯದ ಹೆಸರು ಹೇಳಿಕೊಂಡು ಬರುವುದಿಲ್ಲ, ಅಲ್ವಾ? ನೋವು, ಊತ, ಹುಣ್ಣು, ಬಾಯಿ ತೆರೆಯಲು ಆಗುತ್ತಿಲ್ಲ ಅನ್ನುತ್ತಾರೆ, ಅಷ್ಟೇ. ಕೊನೆಯ ವರ್ಷದ ರಿವಿಷನ್‌ಗೆ ನಾನು ಇವನ್ನೇ ತಲೆಬರಹ ಮಾಡಿಕೊಂಡೆ. ಒಂದೊಂದು ದೂರಿಗೆ ಒಂದೊಂದು ಹಾಳೆ. ಎರಡೂ ವಿಷಯದ ಕಾಯಿಲೆಗಳು ಅದರಲ್ಲೇ.

ನೋವಿನ ಹಾಳೆ ಬೇಗ ತುಂಬಿತು. ಹಲ್ಲು ಕಿತ್ತ 2-4 ದಿನಕ್ಕೆ ನೋವು ಇಳಿಯುವ ಬದಲು ಏರಿದರೆ, ಗುಳಿ ಖಾಲಿಯಿದ್ದು ವಾಸನೆ ಬಂದರೆ ಡ್ರೈ ಸಾಕೆಟ್. ಜ್ವರ, ಕೀವು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಗುಳಿ ತೊಳೆದು, ಡ್ರೆಸಿಂಗ್ ಇಟ್ಟು, ನೋವಿನ ಮಾತ್ರೆ ಕೊಡುವುದು. ಸುಮ್ನೆ ಆಂಟಿಬಯಾಟಿಕ್ ಬರೆಯುವುದಲ್ಲ. ಅದರ ಕೆಳಗೇ ಟ್ರೈಜೆಮಿನಲ್ ನ್ಯೂರಾಲ್ಜಿಯಾ (ಮುಖದ ನರದ ನೋವು) ಬರೆದೆ: ಮುಖ ತೊಳೆದರೆ, ಹಲ್ಲುಜ್ಜಿದರೆ ಶಾಕ್ ಹೊಡೆದಂತೆ ಕೆಲವೇ ಸೆಕೆಂಡಿನ ನೋವು. ಮೊದಲ ಔಷಧ ಕಾರ್ಬಮಜೆಪಿನ್. ಇದನ್ನು ಹಲ್ಲುನೋವು ಅಂದುಕೊಂಡು ಚೆನ್ನಾಗಿರುವ ಹಲ್ಲನ್ನೇ ಕಿತ್ತುಬಿಡುವುದುಂಟು. ಬೇರೆ ಬೇರೆ ಓದಿದ್ದರೆ ಇವೆರಡನ್ನೂ ಪಕ್ಕಪಕ್ಕ ಇಡಲು ನನಗೆ ಹೊಳೆಯುತ್ತಿರಲಿಲ್ಲ.

ಬಿಳಿ ಮಚ್ಚೆಗೆ ಮೊದಲ ಪ್ರಶ್ನೆ ಒಂದೇ: ಗಾಜ್ ಬಟ್ಟೆಯಿಂದ ಒರೆಸಿದರೆ ಹೋಗುತ್ತಾ? ಹೋದರೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಕಡೆ ಯೋಚನೆ. ಹೋಗದೆ, ಎರಡೂ ಕೆನ್ನೆಯೊಳಗೆ ಬಲೆಯಂಥ ಗೆರೆಗಳಿದ್ದರೆ ಲೈಕನ್ ಪ್ಲೇನಸ್ ಅನ್ನುವ ಕಾಯಿಲೆ. ಬೇರೆ ಯಾವುದಕ್ಕೂ ಹೊಂದದೆ ಉಳಿದದ್ದಕ್ಕೇ ಲ್ಯುಕೋಪ್ಲೇಕಿಯಾ ಅನ್ನುವುದು. ಕ್ಯಾನ್ಸರ್ ವಿಷಯದಲ್ಲಿ ಕೆಂಪು ಮಚ್ಚೆ ಬಿಳಿಗಿಂತ ಜಾಸ್ತಿ ಅಪಾಯದ್ದು. ಚೂಪು ಹಲ್ಲನ್ನು ಸರಿಮಾಡಿದ ಮೇಲೂ 2 ವಾರದಲ್ಲಿ ಮಾಯದ ಹುಣ್ಣಿಗೆ ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ. ಇದನ್ನು ಮಾತ್ರ ಕೆಂಪು ಪೆನ್ನಿನಲ್ಲಿ ಬರೆದಿದ್ದೆ.

ಬಾಯಲ್ಲಿ ಗುಳ್ಳೆ ಏಳುವ ಪೆಂಫಿಗಸ್, ಪೆಂಫಿಗಾಯ್ಡ್ ಎಲ್ಲರಿಗೂ ಗೊಂದಲ. ಬಿರುಕು ಎಲ್ಲಿ ಅಂತ ಒಂದು ಚಿತ್ರ ಬರೆದರೆ ಸಾಕು. ಪೆಂಫಿಗಸ್‌ನಲ್ಲಿ ಎಪಿಥೀಲಿಯಂ (ಬಾಯಿಯ ಒಳಗಿನ ಮೇಲ್ಪೊರೆ) ಒಳಗೇ ಬಿರುಕು ಬಿಡುತ್ತದೆ, ಗುಳ್ಳೆಯ ಮೇಲ್ಪದರ ತೆಳು, ಬೇಗ ಒಡೆಯುತ್ತದೆ. ಪೆಂಫಿಗಾಯ್ಡ್‌ನಲ್ಲಿ ಇಡೀ ಎಪಿಥೀಲಿಯಂ ಮೇಲೇಳುತ್ತದೆ, ಗುಳ್ಳೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಉಳಿದ ಲಕ್ಷಣಗಳಲ್ಲಿ ಹೆಚ್ಚಿನವು ಈ ಚಿತ್ರದಿಂದಲೇ ಹೊರಡುತ್ತವೆ.

ಅರಿವಳಿಕೆಯ ಲೆಕ್ಕವನ್ನು ಓದಲಿಲ್ಲ, ದಿನಾ ಮಾಡಿದೆ. ಮರಗಟ್ಟಿಸುವ ಔಷಧ 2% ಲಿಗ್ನೋಕೇನ್ ಅಂದರೆ 1 ಮಿಲಿಗೆ 20 ಮಿಗ್ರಾಂ, 1.8 ಮಿಲಿ ಕಾರ್ಟ್ರಿಜ್‌ಗೆ (ಔಷಧ ತುಂಬಿದ ಚಿಕ್ಕ ಕೊಳವೆ) 36. ಅಡ್ರಿನಲಿನ್ ಜೊತೆ ಮಿತಿ ಕೆಜಿಗೆ 7 ಮಿಗ್ರಾಂ, ಒಟ್ಟು 500 ದಾಟಬಾರದು. 50 ಕೆಜಿ ರೋಗಿಗೆ 350, ಅಂದರೆ 9 ಕಾರ್ಟ್ರಿಜ್. ಅದೇ ರೋಗಿಗೆ ಹೃದಯದ ಕಾಯಿಲೆ ಇದ್ದರೆ? ಆಗ ಮಿತಿ ಹಾಕುವುದು ಜೊತೆಗೆ ಬೆರೆಸಿರುವ ಅಡ್ರಿನಲಿನ್, 40 ಮೈಕ್ರೋಗ್ರಾಂ. 1:1,00,000 ಇರುವುದಾದರೆ ಒಂದು ಕಾರ್ಟ್ರಿಜ್‌ನಲ್ಲಿ 18 ಮೈಕ್ರೋಗ್ರಾಂ, ಹಾಗಾಗಿ 2 ಕಾರ್ಟ್ರಿಜ್‌ಗೇ ನಿಲ್ಲಬೇಕು. 9ರಿಂದ 2ಕ್ಕೆ ಇಳಿಯುವುದನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿದರೆ ಮರೆಯುವುದಿಲ್ಲ.

ಹಲ್ಲು ಕೀಳುವ ಫೋರ್ಸೆಪ್ಸ್, ಎಲಿವೇಟರ್‌ಗಳನ್ನು ಚಿತ್ರದಲ್ಲಿ ನೋಡಿ ಪ್ರಯೋಜನವಿಲ್ಲ. ಕೈಯಲ್ಲಿ ಹಿಡಿದೇ ಕಲಿತೆ.

ವೈವಾಕ್ಕೆ (ಮೌಖಿಕ ಪರೀಕ್ಷೆ) ಮಾತ್ರ ಗೆಳತಿಯ ಎದುರು ಕೂತು ಜೋರಾಗಿ ಉತ್ತರ ಹೇಳುತ್ತಿದ್ದೆ. ಮನಸ್ಸಿನಲ್ಲಿ ಬಂದ ಉತ್ತರ ಬಾಯಿಗೆ ಬರುವಾಗ ಸಾಲು ತಪ್ಪುತ್ತದೆ. ಲುಡ್ವಿಗ್ಸ್ ಆಂಜೈನಾ, ಅಂದರೆ ನಾಲಿಗೆಯ ಕೆಳಗೆ ಹರಡುವ ಸೋಂಕು, ಕೇಳಿದರೆ ಹೆಚ್ಚಿನವರು ಆಂಟಿಬಯಾಟಿಕ್ ಹೆಸರಿನಿಂದ ಶುರು ಮಾಡುತ್ತಾರೆ. ನಾಲಿಗೆ ಮೇಲೆದ್ದು ಉಸಿರು ಕಟ್ಟುತ್ತಿರುವ ರೋಗಿಗೆ ಮೊದಲು ಉಸಿರಿನ ದಾರಿ ಕಾಯಬೇಕು, ಕೀವು ತೆಗೆಯುವುದು, ಡ್ರಿಪ್, ಔಷಧ ಎಲ್ಲ ಆಮೇಲಿನ ಮಾತು. ಆ ಮೊದಲ ವಾಕ್ಯ ಬಾಯಿಂದ ಬರುವವರೆಗೂ ಅವಳು ಮುಂದಿನ ಪ್ರಶ್ನೆಗೆ ಹೋಗುತ್ತಿರಲಿಲ್ಲ.