ಸಿಮ್ಯುಲೇಟರ್ ರೈಲಿನ ಬ್ರೇಕ್ ಹದಕ್ಕೆ ತರುವುದು ಹೇಗೆ?

ರಜೆಗೆಂದು ಮಂಡ್ಯದಿಂದ ಮೈಸೂರಿನ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ ಕಂಪ್ಯೂಟರ್ ಮುಂದೆ ಕುಳಿತು ರೈಲು ಓಡಿಸುವ ಆಟ ಆಡುತ್ತಾ, ‘ಮಾವ, ಈ ಎಂಜಿನ್ನಿಗೆ ಬ್ರೇಕೇ ಹಿಡಿಯುತ್ತಿಲ್ಲ’ ಎಂದು ಗೊಣಗಿದ. ಪ್ಲಾಟ್‌ಫಾರ್ಮ್ ಕಳೆದು ಅರ್ಧ ಕಿಲೋಮೀಟರ್ ಆದಮೇಲೆ ಅವನ ಗಾಡಿ ನಿಂತಿತ್ತು. ಅವನು ಎಂಜಿನ್ನಿನ ಕಡತ ತೆರೆದು ಬ್ರೇಕ್ ಬಲದ ಅಂಕಿಯನ್ನು ಎರಡು ಪಟ್ಟು ಮಾಡಿದ. ಗಾಡಿ ಮತ್ತೆ ಮುಂದಕ್ಕೆ ಹೋಯಿತು. ಮೂರು ಪಟ್ಟು ಮಾಡಿದ. ಎಂಜಿನ್ನಿನ ಚಕ್ರಗಳು ಸ್ತಬ್ಧವಾಗಿ, ಹಳಿಯ ಮೇಲೆ ಜಾರುತ್ತಲೇ ನಿಲ್ದಾಣ ದಾಟಿತು.

ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಹೋಗುವ ಟ್ರ್ಯಾಕ್ಟರನ್ನು ನೆನೆಸಿಕೊಳ್ಳಿ. ಇಳಿಜಾರಿನಲ್ಲಿ ಡ್ರೈವರ್ ಬ್ರೇಕ್ ತುಳಿದರೂ ಹಿಂದಿನ ಹೊರೆ ಅವನನ್ನು ತಳ್ಳುತ್ತಲೇ ಇರುತ್ತದೆ. ಎಂಜಿನ್ನಿನ ಅಂಕಿಯನ್ನೊಂದೇ ಏರಿಸಿದವರ ರೈಲಿನ ಪಾಡೂ ಅದೇ. ನಿಜವಾದ ರೈಲಿನಲ್ಲಿ ಪ್ರತಿ ಬೋಗಿಯೂ ತನ್ನ ಭಾರವನ್ನು ತಾನೇ ತಡೆದುಕೊಳ್ಳುತ್ತದೆ. ಆಟದಲ್ಲೂ ಹಾಗೆಯೇ ಆಗಬೇಕು.

ಇಲ್ಲಿ ಹೇಳುವುದು ಓಪನ್ ರೈಲ್ಸ್ ಎಂಬ ಉಚಿತ ಸಿಮ್ಯುಲೇಟರ್ ಕುರಿತು. 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್‌ಗೆಂದು ತಯಾರಾದ ಎಂಜಿನ್, ಬೋಗಿಗಳನ್ನು ಇದು ಓಡಿಸುತ್ತದೆ. ಎಂಜಿನ್ನಿನ ಗುಣವೆಲ್ಲ ಇಎನ್‌ಜಿ ಎಂದು ಕೊನೆಯಾಗುವ ಕಡತದಲ್ಲಿ, ಬೋಗಿಯದು ಡಬ್ಲ್ಯುಎಜಿ ಎಂದು ಕೊನೆಯಾಗುವ ಕಡತದಲ್ಲಿ ಇರುತ್ತದೆ. ಎರಡನ್ನೂ ನೋಟ್‌ಪ್ಯಾಡಿನಲ್ಲಿ ತೆರೆಯಬಹುದು.

ಮೊದಲು ಅಳೆಯಿರಿ

ಕಡತ ಮುಟ್ಟುವ ಮುನ್ನ ಮೊಬೈಲಿನ ಸ್ಟಾಪ್‌ವಾಚ್ ತೆಗೆದುಕೊಳ್ಳಿ. ಏರಿಳಿತವಿಲ್ಲದ ನೇರ ಹಳಿಯಲ್ಲಿ ಗಾಡಿಯನ್ನು ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ತಂದು, ಎಳೆತ ಪೂರ್ತಿ ಬಿಟ್ಟು, ಫುಲ್ ಸರ್ವಿಸ್ ಬ್ರೇಕ್ (ತುರ್ತು ಬ್ರೇಕ್ ಅಲ್ಲ, ಮಾಮೂಲಿ ಬ್ರೇಕಿನ ಪೂರ್ತಿ ಬಲ) ಹಾಕಿ. ನಿಲ್ಲಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಬರೆದಿಟ್ಟುಕೊಳ್ಳಿ. 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ಅದನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ನಿಮ್ಮ ಗಾಡಿ ಎಷ್ಟು ಚುರುಕಾಗಿ ವೇಗ ಕಳೆದುಕೊಳ್ಳುತ್ತದೆ ಎಂಬುದು ಸಿಗುತ್ತದೆ. 56 ಸೆಕೆಂಡ್ ಆದರೆ ಸುಮಾರು 0.5, ಅಂದರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಇಳಿಯುತ್ತದೆ. ಒಮ್ಮೆ ಎಂಜಿನ್ನನ್ನು ಮಾತ್ರ ಓಡಿಸಿ, ಇನ್ನೊಮ್ಮೆ ಬೋಗಿಗಳ ಸಮೇತ ಓಡಿಸಿ ಎರಡು ಅಳತೆ ತೆಗೆಯಿರಿ. ರೋಗ ಎಂಜಿನ್ನಿನದೋ ಬೋಗಿಗಳದೋ ಎಂಬುದು ಇಲ್ಲೇ ಅರ್ಧ ತಿಳಿಯುತ್ತದೆ.

ಮೂಲ ಕಡತಕ್ಕೆ ಕೈ ಹಾಕಬೇಡಿ

ಎಂಜಿನ್ನಿನ ಫೋಲ್ಡರ್ ಒಳಗೆ ಓಪನ್‌ರೈಲ್ಸ್ ಎಂಬ ಹೆಸರಿನ ಇನ್ನೊಂದು ಫೋಲ್ಡರ್ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಅದರೊಳಗೆ ಮೂಲ ಕಡತದ ಹೆಸರಿನದೇ ಹೊಸ ಕಡತ ಇರಲಿ. ಮೊದಲ ಸಾಲು ಖಾಲಿ ಬಿಡಿ, ಎರಡನೆಯ ಸಾಲಿನಲ್ಲಿ ‘ಇನ್‌ಕ್ಲೂಡ್’ ಆಜ್ಞೆಯಿಂದ ಮೂಲ ಕಡತವನ್ನು ಕರೆಯಿರಿ, ಅದರ ಕೆಳಗೆ ಬದಲಾಗಬೇಕಾದ ಸಾಲುಗಳನ್ನಷ್ಟೇ ಬರೆಯಿರಿ. ಬ್ರೇಕ್ ಬಲ ‘ವ್ಯಾಗನ್’ ಆವರಣದೊಳಗೆ, ಚಾಲಕನ ಹಿಡಿಕೆಗೆ ಸಂಬಂಧಿಸಿದ್ದು ‘ಎಂಜಿನ್’ ಆವರಣದೊಳಗೆ ಬರುತ್ತದೆ. ಬೇಸರವಾದರೆ ಆ ಫೋಲ್ಡರನ್ನು ಅಳಿಸಿದರೆ ಸಾಕು, ಎಲ್ಲವೂ ಮೊದಲಿನಂತಾಗುತ್ತದೆ. ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-16 ಇರಲಿ. ಒಂದು ಆವರಣ ಚಿಹ್ನೆ ಮುಚ್ಚುವುದನ್ನು ಮರೆತು ನಾನು ಒಂದು ಸಂಜೆಯನ್ನೇ ಕಳೆದಿದ್ದೇನೆ. ಹಾಗಾದಾಗ ಡೆಸ್ಕ್‌ಟಾಪಿನಲ್ಲಿ ಆಟ ಬರೆದಿಡುವ ಲಾಗ್ ಕಡತ ನೋಡಿ, ಎಡವಿದ್ದು ಯಾವ ಸಾಲಿನಲ್ಲಿ ಎಂದು ಅದು ಹೇಳುತ್ತದೆ.

ಬಲದ ಲೆಕ್ಕ

‘ಮ್ಯಾಕ್ಸ್ ಬ್ರೇಕ್ ಫೋರ್ಸ್’ ಎಂಬ ಸಾಲು ಚಕ್ರವನ್ನು ತಡೆಯುವ ಗರಿಷ್ಠ ಬಲ. ನಾನು ಹಿಡಿಯುವ ಸುಲಭದ ದಾರಿ ಇದು: ಎಂಜಿನ್ ಎಷ್ಟು ಟನ್ನೋ ಅಷ್ಟು ಕಿಲೋನ್ಯೂಟನ್. ಪ್ರಯಾಣಿಕ ಗಾಡಿ ಎಳೆಯುವ ಡಬ್ಲ್ಯುಎಪಿ-4 ವಿದ್ಯುತ್ ಎಂಜಿನ್ 112.8 ಟನ್ ತೂಗುತ್ತದೆ, 113 ಕಿಲೋನ್ಯೂಟನ್ ಕೊಡಿ. ಆಗ ಒಂಟಿ ಎಂಜಿನ್ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 1 ಮೀಟರ್‌ನಂತೆ ವೇಗ ಕಳೆದುಕೊಳ್ಳುತ್ತದೆ. ಅದನ್ನೇ 300 ಮಾಡಿದರೆ ಒದ್ದೆ ಹಳಿ ಬಿಡಿ, ಒಣ ಹಳಿಯಲ್ಲೂ ಚಕ್ರ ಜಾರುವ ಅಪಾಯವಿದೆ. ಬೀಗ ಬಿದ್ದ ಚಕ್ರ ಉರುಳುವ ಚಕ್ರಕ್ಕಿಂತ ಕಡಿಮೆ ತಡೆಯುತ್ತದೆ.

ಅಂಕಿಯ ಪಕ್ಕದಲ್ಲಿ ಕಿಲೋನ್ಯೂಟನ್ ಗುರುತು ಬಿಟ್ಟರೆ ಆಟ ಅದನ್ನು ಬರೀ ನ್ಯೂಟನ್ ಎಂದು ಓದುತ್ತದೆ. 113 ನ್ಯೂಟನ್ ಎಂದರೆ ಹನ್ನೊಂದೂವರೆ ಕಿಲೋ ಅಕ್ಕಿಚೀಲದ ಭಾರ. ನಮ್ಮ ಹುಡುಗ ಇದನ್ನೂ ಮಾಡಿ ನೋಡಿದ್ದಾನೆ. ಗಾಡಿ ಊರೂರು ದಾಟಿತು.

ಈಗ ಬೋಗಿಗಳು. 113 ಟನ್ನಿನ ಎಂಜಿನ್ನಿಗೆ ತಲಾ 50 ಟನ್ನಿನ 16 ಬೋಗಿ ಕಟ್ಟಿದ್ದೀರಿ ಎಂದುಕೊಳ್ಳಿ. ಒಟ್ಟು 913 ಟನ್. ಬೋಗಿಯೊಂದಕ್ಕೆ 10 ಕಿಲೋನ್ಯೂಟನ್ ಮಾತ್ರ ಇದ್ದರೆ ಎಲ್ಲ ಸೇರಿ 273. ಗಾಡಿ 100ರ ವೇಗದಿಂದ ನಿಲ್ಲಲು ಸುಮಾರು 1,300 ಮೀಟರ್ ಬೇಕು. ಎಂಜಿನ್ನಿನ ಬಲವನ್ನು ಇಮ್ಮಡಿಸಿದರೂ 900 ಮೀಟರ್ ತಪ್ಪುವುದಿಲ್ಲ. ಎಂಜಿನ್ನನ್ನು ಇದ್ದಂತೆಯೇ ಬಿಟ್ಟು ಬೋಗಿಗೆ 30ರಂತೆ ಕೊಟ್ಟು ನೋಡಿ: ಸುಮಾರು 600 ಮೀಟರ್. ಇದನ್ನು ಕಾಗದದಲ್ಲಿ ಬರೆದು ತೋರಿಸಿದ ಮೇಲೆಯೇ ಅಳಿಯ ಮಹಾಶಯ ಎಂಜಿನ್ನಿನ ಕಡತ ಮುಚ್ಚಿದ್ದು. ಬೋಗಿಯ ಕಡತವನ್ನೂ ಮೇಲೆ ಹೇಳಿದ ರೀತಿಯಲ್ಲೇ ತಿದ್ದಬಹುದು.

ಗಾಳಿಯ ಒತ್ತಡ

ನಮ್ಮ ರೈಲ್ವೆಯಲ್ಲಿ ಗಾಡಿಯುದ್ದಕ್ಕೂ ಹಾಯುವ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡ ಇರುತ್ತದೆ. ಅದು 1.5ರಷ್ಟು ಇಳಿದರೆ ಫುಲ್ ಸರ್ವಿಸ್, ಆಗ ಬೋಗಿಯ ಬ್ರೇಕ್ ಸಿಲಿಂಡರಿನಲ್ಲಿ 3.8 ಕಿಲೋ ಒತ್ತಡ ಏರುತ್ತದೆ. ಆಟ ಪಿಎಸ್‌ಐನಲ್ಲಿ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂದು) ಲೆಕ್ಕ ಹಾಕುವುದರಿಂದ ಇವು ಕ್ರಮವಾಗಿ 71, 21 ಮತ್ತು 54 ಆಗುತ್ತವೆ. ಅಮೆರಿಕದ ಗಾಡಿಯಿಂದ ನಕಲು ಮಾಡಿದ ಕಡತಗಳಲ್ಲಿ 71ರ ಜಾಗದಲ್ಲಿ 90 ಕುಳಿತಿರುವುದುಂಟು, ಗಮನಿಸಿ. ಪೈಪಿನ ಒತ್ತಡ ಇಳಿದಂತೆ ಸಿಲಿಂಡರಿಗೆ ಗಾಳಿ ಬಿಡುವ ಟ್ರಿಪಲ್ ವಾಲ್ವಿನ ಅನುಪಾತ 2.5 ಇರಲಿ, 21ಕ್ಕೆ ಗುಣಿಸಿದರೆ ಹೆಚ್ಚೂಕಡಿಮೆ 54ಕ್ಕೇ ಬರುತ್ತದೆ.

ಬಲ ಸರಿಯಿದ್ದೂ ಗಾಡಿ ನಿಜವೆನಿಸದಿದ್ದರೆ ತಪ್ಪು ಬಹುಪಾಲು ಬ್ರೇಕ್ ಹಿಡಿಯಲು, ಬಿಡಲು ತಗಲುವ ವೇಳೆಯಲ್ಲಿ ಇರುತ್ತದೆ. ಮಂಡ್ಯದ ಪ್ಲಾಟ್‌ಫಾರ್ಮಿನಲ್ಲಿ ಒಮ್ಮೆ ಬೋಗಿಯ ಪಕ್ಕ ನಿಂತು ಕೇಳಿ. ಗಾಡಿ ಆಮೆ ನಡಿಗೆಗೆ ಬಂದಾಗ ಅಡಿಯಿಂದ ‘ಸುಸ್ಸ್’ ಎಂದು ಗಾಳಿ ಬಿಡುವ ಸದ್ದು ಬರುತ್ತದೆ. ಪೂರ್ತಿ ನಿಲ್ಲುವ ಮುನ್ನವೇ ಚಾಲಕರು ಬ್ರೇಕ್ ಸಡಿಲಿಸಿರುತ್ತಾರೆ. ಇಲ್ಲವಾದರೆ ಬಾಗಿಲಲ್ಲಿ ಚೀಲ ಹಿಡಿದು ನಿಂತವರೆಲ್ಲ ಮುಂದಿನವರ ಬೆನ್ನಿಗೆ ಮುಗ್ಗರಿಸಬೇಕಾಗುತ್ತದೆ. ಪ್ರಯಾಣಿಕ ಬೋಗಿಯ ಸಿಲಿಂಡರ್ ತುಂಬಲು 3ರಿಂದ 5 ಸೆಕೆಂಡ್, ಖಾಲಿಯಾಗಲು 15ರಿಂದ 20 ಸೆಕೆಂಡ್ ಬೇಕು. ಆದ್ದರಿಂದ 54 ಪಿಎಸ್‌ಐ ಅನ್ನು 4ರಿಂದ ಭಾಗಿಸಿ ‘ಮ್ಯಾಕ್ಸ್ ಅಪ್ಲಿಕೇಶನ್ ರೇಟ್’ ಸಾಲಿಗೆ 13.5, 17ರಿಂದ ಭಾಗಿಸಿ ‘ಮ್ಯಾಕ್ಸ್ ರಿಲೀಸ್ ರೇಟ್’ ಸಾಲಿಗೆ 3.2 ಬರೆಯಿರಿ. ಜೊತೆಗೆ ಆಟದ ಆಯ್ಕೆಗಳಲ್ಲಿ ಗ್ರ್ಯಾಜುಯೇಟೆಡ್ ರಿಲೀಸ್ ಗುರುತು ಹಾಕಿ. ಅದಿಲ್ಲದಿದ್ದರೆ ಹಿಡಿಕೆಯನ್ನು ಸ್ವಲ್ಪ ಹಿಂದೆ ಸರಿಸಿದೊಡನೆ ಬ್ರೇಕ್ ಪೂರ್ತಿ ಬಿಟ್ಟುಹೋಗಬಹುದು, ಮೆಲ್ಲಗೆ ಸಡಿಲಿಸುವ ಮಾತೇ ಇರುವುದಿಲ್ಲ.

ಮತ್ತೆ ಅದೇ ಹಳಿ, ಅದೇ ವೇಗ, ಅದೇ ಸ್ಟಾಪ್‌ವಾಚ್. ಎಫ್5 ಒತ್ತಿ, ಶಿಫ್ಟ್ ಜೊತೆ ಅದನ್ನೇ ಮತ್ತೆ ಮತ್ತೆ ಒತ್ತಿದರೆ ಬ್ರೇಕಿನ ಪುಟ ಬರುತ್ತದೆ. ಪ್ರತಿ ಬೋಗಿಯ ಸಿಲಿಂಡರ್ ಒತ್ತಡ ಏರುವುದು, ಇಳಿಯುವುದು ಅಲ್ಲಿ ಕಾಣುತ್ತದೆ. ಒಂದು ಬಾರಿಗೆ ಒಂದೇ ಅಂಕಿ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ದೇವರಿಗೇ ಗೊತ್ತು.

ಗೂಡ್ಸ್ ಓಡಿಸುವವರು ವ್ಯಾಗನ್ನಿನ ಕಡತದಲ್ಲಿ ಆ ಎರಡು ದರಗಳನ್ನು 2.2 ಮತ್ತು 1ಕ್ಕೆ ಇಳಿಸಿ. ಅಲ್ಲಿ ಸಿಲಿಂಡರ್ ತುಂಬಲು 18ರಿಂದ 30 ಸೆಕೆಂಡ್, ಬಿಡಲು 45ರಿಂದ 60 ಸೆಕೆಂಡ್ ಹಿಡಿಯುತ್ತದೆ. ಮದ್ದೂರಿನಲ್ಲಿ ನಿಲ್ಲಬೇಕಾದ ಗೂಡ್ಸ್ ಗಾಡಿಗೆ ಹನಕೆರೆ ದಾಟಿದ ಸ್ವಲ್ಪ ಹೊತ್ತಿಗೇ ಬ್ರೇಕಿನ ಯೋಚನೆ ಶುರುವಾಗಿರಬೇಕು.