ಅಟ್ಟದ ಪುಸ್ತಕವನ್ನು ಅಕ್ಷರ ತಪ್ಪದೆ ಇಳಿಸುವುದು

ತೀರ್ಥಹಳ್ಳಿ, ಹೊಸನಗರದ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಅಡಿಕೆ ಮೂಟೆಯ ಪಕ್ಕ ಪುಸ್ತಕದ ಗಂಟೊಂದು ಇದ್ದೇ ಇರುತ್ತದೆ. ಅದನ್ನು ಕಂಪ್ಯೂಟರಿಗೆ ಇಳಿಸುವ ಮನಸ್ಸಿದ್ದರೆ ಬೇಸಿಗೆಗೆ ಶುರುಮಾಡಿ. ಮಳೆಗಾಲದಲ್ಲಿ ಬಿಚ್ಚಿದರೆ ಬೂಷ್ಟು ಹಿಡಿದ ಹಾಳೆ ಕೈಗೇ ಬರುತ್ತದೆ.

ಸ್ಕ್ಯಾನರ್ ಇದ್ದರೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಸಾಕು. ಮೊಬೈಲಾದರೆ ಜಗಲಿಯ ಬೆಳಕು ಒಳ್ಳೆಯದು. ಸೋಗೆ ಚಪ್ಪರದ ಕೆಳಗೆ ಮಾತ್ರ ಬೇಡ, ಸಂದಿಯ ಬಿಸಿಲು ಪುಟದ ಮೇಲೆ ಪಟ್ಟೆ ಎಳೆಯುತ್ತದೆ. ಹಾಗೆ ನಲವತ್ತು ಪುಟ ಕೆಡಿಸಿಕೊಂಡವನು ನಾನು. ಪುಸ್ತಕವನ್ನು ಎಲ್ಲರಿಗೂ ತೆರೆದಿಡುವುದಾದರೆ ಲೇಖಕರು ತೀರಿಕೊಂಡು 60 ವರ್ಷ ಕಳೆದಿದೆಯೇ ನೋಡಿಕೊಳ್ಳಿ.

ಚಿತ್ರವನ್ನು ಪಠ್ಯ ಮಾಡುವ ಕೆಲಸವನ್ನು ಓಸಿಆರ್ ತಂತ್ರಾಂಶ ನೋಡಿಕೊಳ್ಳುತ್ತದೆ. ನಿಜವಾದ ಕೆಲಸ ಆಮೇಲಿನದು. ಹಳಗನ್ನಡದ ಪುಟದಲ್ಲಿ ಱ, ೞ ಕಂಡರೆ ಯಂತ್ರ ತನಗೆ ಗೊತ್ತಿರುವ ಇನ್ನಾವುದೋ ಅಕ್ಷರವನ್ನು ತುರುಕುತ್ತದೆ. ನಾವಾದರೂ ‘ಇರಲಿ ಬಿಡು’ ಎಂದು ರ, ಳ ಒತ್ತುತ್ತೇವೆ. ಒತ್ತಬಾರದು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ‘ಬಾಳ್’ ಕತ್ತಿ, ‘ಬಾೞ್’ ಬದುಕು. ಕೀಲಿಮಣೆಯಲ್ಲಿ ಇವು ಸಿಗದಿದ್ದರೆ ಒಂದು ಟಿಪ್ಪಣಿಯಲ್ಲಿ ಇಟ್ಟುಕೊಂಡು ಬೇಕಾದಾಗ ನಕಲಿಸಿ ಅಂಟಿಸಿ. ಸ್ವರವಿಲ್ಲದ ‘ನ್’ಗೆಂದು ಹಿಂದೆ ಬಳಸುತ್ತಿದ್ದ ನಕಾರ ಪೊಲ್ಲು ಯೂನಿಕೋಡಿಗೆ (ಕಂಪ್ಯೂಟರು, ಫೋನುಗಳು ಬಳಸುವ ಅಕ್ಷರಪಟ್ಟಿಗೆ) ಸೇರಿದ್ದೇ 2021ರಲ್ಲಿ, ಎಷ್ಟೋ ಫೋನುಗಳಲ್ಲಿ ಅದರ ಜಾಗದಲ್ಲಿ ಖಾಲಿ ಚೌಕ ಕಾಣಿಸುತ್ತದೆ. ಚೌಕ ಕಂಡಿತೆಂದು ಅಳಿಸಬೇಡಿ.

ಇನ್ನೊಂದು ಕಳ್ಳ ಸೊನ್ನೆ. ‘ಶಂಕರ’, ‘ಶ೦ಕರ’ ಕಣ್ಣಿಗೆ ಒಂದೇ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡ ಅಂಕಿಯ ಸೊನ್ನೆ. ಹುಡುಕಿದರೆ ಆ ಶಂಕರ ಜನ್ಮದಲ್ಲಿ ಸಿಗುವುದಿಲ್ಲ. ಆದ್ದರಿಂದ ಮೊದಲು ೦ ಹುಡುಕಿ, ನಿಜವಾದ ಅಂಕಿಗಳನ್ನು ಬಿಟ್ಟು, ಉಳಿದ ಕಡೆ ಅನುಸ್ವಾರ ಹಾಕಿ.

ಅರ್ಕಾವತ್ತಿನಲ್ಲೂ ಅಚ್ಚಿನಲ್ಲಿ ಇದ್ದಂತೆಯೇ ಇರಲಿ. ರ, ಹಲಂತ (ಸ್ವರ ತೆಗೆಯುವ ಗುರುತು), ಯ ಒತ್ತಿದರೆ ‘ರ್ಯ’ ಬರುತ್ತದೆ. ‘ರ‍್ಯಾಂಕ್’ ಎಂಬಂತೆ ರ ಮೇಲೇ ಉಳಿಯಬೇಕಾದರೆ ರ ಆದ ಕೂಡಲೇ, ಹಲಂತಕ್ಕೆ ಮುಂಚೆ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಜೆ (ಝೀರೋ ವಿಡ್ತ್ ಜಾಯ್ನರ್) ಗುರುತು ಸೇರಿಸಬೇಕು.

ಸಾಲಿನ ತುದಿಯಲ್ಲಿ ಪದ ಮುರಿದ ಅಡ್ಡಗೆರೆಗಳನ್ನು ತೆಗೆದು ಪದ ಕೂಡಿಸಿ. ಅಚ್ಚಿನ ತಪ್ಪನ್ನು ತಿದ್ದಲು ಕೈ ತುರಿಸಿದರೆ ಪಕ್ಕದಲ್ಲಿ ಟಿಪ್ಪಣಿ ಹಾಕಿ, ಮೂಲ ಹಾಗೆಯೇ ಇರಲಿ. ಶಾಯಿ ಅಲುಕಿ ಗುರುತು ಹತ್ತದ ಅಕ್ಷರ ಬಂದರೆ ಪುಟ ಸಂಖ್ಯೆ ಬರೆದಿಟ್ಟು ಮುಂದೆ ಹೋಗಿ. ಅದೇ ಅಕ್ಷರ ಹತ್ತು ಪುಟದಾಚೆ ಚೆನ್ನಾಗಿ ಒತ್ತಿ ಮೂಡಿರುತ್ತದೆ.